ಒಂದೇ ಡಬ್ಬಿಯಲ್ಲಿ ಇಡಲಾಗದ ಎರಡು ಹುಳು

ಸಾಂಟಾ ಕ್ಲಾರಾ
೧೨ ಅಕ್ಟೋಬರ್ ೧೯೮೬

ಪ್ರೀತಿಯ ಅಮ್ಮ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಕೋಪ ಬಂತು. ಬಾಣಂತಿ ನಿದ್ದೆಗೆಟ್ಟು ಹುಳುಗಳ ಮುಂದೆ ಕೂತಿರುತ್ತಾಳೆ, ತಲೆ ಕೆಟ್ಟಿರಬೇಕು ಎಂದು ನೀನೂ ಅಪ್ಪನೂ ಸೇರಿ ತೀರ್ಮಾನಿಸಿದ್ದೀರಿ. ಡಿಸೆಂಬರಿನಲ್ಲಿ ಇವರು ಮೈಸೂರಿಗೆ ಬರುವಾಗ ಪುಟ್ಟಿಯನ್ನು ಕರೆತಂದು ಒಂದು ವರ್ಷ ನಿನ್ನ ಹತ್ತಿರ ಬಿಡಬೇಕಂತೆ. ಇಲ್ಲ ಅಮ್ಮ, ಬಿಡುವುದಿಲ್ಲ.

ಹುಳುಗಳ ವಿಷಯ ಪೂರ್ತಿ ಕೇಳು. ಪಾಲೋ ಆಲ್ಟೋದ ಮಕ್ಕಳ ಮ್ಯೂಸಿಯಮ್ಮಿನಲ್ಲಿ ಶನಿವಾರ ಶನಿವಾರ ಕೀಟಗಳ ಬಗ್ಗೆ ಹೇಳಲು ಒಬ್ಬರು ಬೇಕಿತ್ತು. ನನ್ನ ಎಂ.ಎಸ್ಸಿ. ನೋಡಿ, ಒಂದು ಸಲ ಮಾತಾಡಿ ತೋರಿಸು ಎಂದು ಎರಡು ಹುಳು ಮನೆಗೆ ಕೊಟ್ಟರು. ಒಂದು ಕಡ್ಡಿಹುಳು, ಥೇಟ್ ಒಣಕಡ್ಡಿ. ಇನ್ನೊಂದು ಮುಂಗಾಲು ಮಡಿಸಿ ಕೈಮುಗಿದಂತೆ ಕೂರುವ ಸೂರ್ಯನ ಕುದುರೆ, ಎಲೆಯ ಬಣ್ಣದ್ದು. ಎರಡು ಡಬ್ಬಿ ಯಾಕೆ, ಒಂದರಲ್ಲೇ ಹಾಕಿದ್ರೆ ಅಪಾರ್ಟ್‌ಮೆಂಟಲ್ಲಿ ಜಾಗ ಉಳಿಯುತ್ತಲ್ಲೇ ಅಂದರು ಇವರು. ಹಾಕಿ ನೋಡಿ, ಬೆಳಿಗ್ಗೆ ಹುಳುವೂ ಒಂದೇ ಉಳಿಯುತ್ತೆ ಅಂದೆ.

ನಿನ್ನೆ ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ಬರೀ ಕಡ್ಡಿ, ಎಲೆ ಕಂಡು, ಡಬ್ಬಿ ಖಾಲಿ, ಮೋಸ ಎಂದು ಕೂಗಿದರು. ಮೆಲ್ಲಗೆ ಊದಿ ಎಂದೆ. ಎರಡೂ ಗಾಳಿಗೆ ಅಲುಗುವ ರೆಂಬೆಯ ಹಾಗೆ ತೂಗಿದವು. ಆಮೇಲೆ ಒಂದೊಂದು ನೊಣ ಬಿಟ್ಟೆ. ಕಡ್ಡಿಹುಳು ಎಲೆ ತಿಂದು ಬದುಕುವುದು, ತನ್ನನ್ನು ಯಾರೂ ತಿನ್ನದಿದ್ದರೆ ಸಾಕು ಅದಕ್ಕೆ, ಮಿಸುಕಲೇ ಇಲ್ಲ. ಸೂರ್ಯನ ಕುದುರೆ ಕಾಲು ಚಾಚಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ನೊಣ ಆಗಲೇ ಬಾಯಲ್ಲಿತ್ತು. ಇನ್ನೊಂದ್ಸಲ ಮಾಡಿಸು ಎಂದು ಒಬ್ಬಳು ನನ್ನ ಸೆರಗು ಹಿಡಿದು ಜಗ್ಗಿದಳು. ಮುಂದಿನ ವಾರದಿಂದ ಕೆಲಸ ನನ್ನದು.

ದೂರದಿಂದ ಎರಡೂ ಒಂದೇ ಥರ ಸುಮ್ಮನೆ ಕೂತಿರುತ್ತವೆ. ನೀನು ಮೈಸೂರಿನಿಂದ ನೋಡಿ ಮಗಳನ್ನು ಕಡ್ಡಿಹುಳು ಅಂದುಕೊಂಡೆ. ನಾನು ಈ ಕೆಲಸಕ್ಕೆ ಹೊಂಚು ಹಾಕಿ ಕೂತಿದ್ದೆ ಕಣಮ್ಮ. ನಾನು ಮಾತಾಡುವಷ್ಟು ಹೊತ್ತೂ ಪುಟ್ಟಿ ಇವರ ಹೆಗಲ ಮೇಲೆ ಗಡದ್ದಾಗಿ ಮಲಗಿದ್ದಳು.

ನಿನ್ನ ಹಟಮಾರಿ,
ಪ್ರಭಾ

ಮಡಿಸುವ ಮುಂಚೆ ಇನ್ನೊಂದು ಮಾತು: ಪುಟ್ಟಿ ಮಲಗಿದರೂ ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂರುತ್ತೇನೆ. ಅಷ್ಟು ಮಟ್ಟಿಗೆ ನಿನ್ನ ಅನುಮಾನ ಸರಿ, ಡಾಕ್ಟರಿಗೂ ಹೇಳಿದ್ದೇನೆ. ಮಗುವನ್ನು ಕರೆಸಿಕೊಳ್ಳಬೇಡ, ನೀನೇ ಬಾ. ಇವರು ವಾಪಸು ಬರುವಾಗ ಪಕ್ಕದ ಸೀಟು ನಿನ್ನದು, ಟಿಕೆಟ್ಟು ಮೊನ್ನೆಯೇ ತೆಗೆಸಿಯಾಗಿದೆ. ಅಪ್ಪನಿಗೆ ನೀನೇ ಹೇಳು.