ಪಕ್ಕೀರಮ್ಮನನ್ನು ಒಮ್ಮೆ ಹೆಸರು ಹಿಡಿದು ಕರೆಯಿರಿ

ರಾಜಧಾನಿಯ ಅಂತರರಾಷ್ಟ್ರೀಯ ರಸ್ತೆ ಓಟದ ಸಂಘಟನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಸಮಿತಿ ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಹುಡುಗಿಯೊಬ್ಬಳ ಹೆಸರನ್ನು ತೆಗೆದುಹಾಕಿ ಅವಳ ಎದೆಗೆ ಇನ್ನೊಂದು ಹೆಸರನ್ನು ಪಿನ್ನು ಚುಚ್ಚಿ ಕಳಿಸಿತು. ಆ ಕಾರಣಕ್ಕೆ ಅವಳು ಈಗ ಓಟ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ತೆಗೆದ ಹೆಸರನ್ನು ವಾಪಸು ಕೊಡಿ ಎಂದು ಕೇಳಲು ಈ ಪತ್ರ. ಮೊದಲು ಖಾಸಗಿಯಾಗಿ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಖುದ್ದಾಗಿ ಬಂದೆ, ಚಹಾ ಕೊಟ್ಟು ಕಳಿಸಿದಿರಿ. ಈಗ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಇದರಿಂದಲೂ ಏನೂ ಆಗುವುದಿಲ್ಲ ಎಂದು ನಮ್ಮ ಶಾಲೆಯ ಸಹೋದ್ಯೋಗಿಗಳು ಈಗಾಗಲೇ ಹೇಳಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗೂ ಇಲ್ಲ.

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ. ಓಟಕ್ಕೆ ಬಂದ ವಿದೇಶಿ ಕ್ರೀಡಾಪಟುಗಳ ಹೆಸರನ್ನು ನಿಮ್ಮ ಇಂಗ್ಲಿಷ್ ಸ್ಮರಣ ಸಂಚಿಕೆಯಲ್ಲಿ ಹೇಗೆ ಮುದ್ರಿಸಬೇಕು ಎಂಬ ಬಗ್ಗೆ ಸಮಿತಿಯಲ್ಲಿ ದೊಡ್ಡ ಚರ್ಚೆ ನಡೆಯಿತೆಂದು ಪತ್ರಿಕೆಯಲ್ಲಿ ಓದಿದೆ. ಅಕ್ಷರದ ತಲೆಯ ಮೇಲಿನ ಗೀರು, ಎರಡು ಚುಕ್ಕೆ, ಕಾಲಿಗೆ ಜೋತುಬಿದ್ದ ಕೊಕ್ಕೆ, ಇವನ್ನೆಲ್ಲ ಉಳಿಸಬೇಕೋ ಬಿಡಬೇಕೋ? ಇಂಗ್ಲಿಷಿನಲ್ಲಿ ಇವೆಲ್ಲ ಇಲ್ಲ, ಓದುವವರಿಗೆ ತೊಡಕು, ಕೈಬಿಡೋಣ ಎಂದರಂತೆ ಕೆಲವರು. ಒಬ್ಬ ವ್ಯಕ್ತಿಯ ಹೆಸರು ಅವರ ಮನೆಯವರು ಇಟ್ಟ ಹಾಗೆಯೇ ಇರಬೇಕು, ನಮ್ಮ ಅನುಕೂಲಕ್ಕೆ ಅದನ್ನು ಬೋಳಿಸುವ ಹಕ್ಕು ನಮಗಿಲ್ಲ ಎಂದು ತಾವು ತೀರ್ಪು ಕೊಟ್ಟಿರಂತೆ. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವವಳಾಗಿ ಹೇಳುತ್ತೇನೆ, ತಾವು ಹೇಳಿದ್ದು ಸರಿ. ಎಲ್ಲೋ ಚಳಿ ದೇಶದ ತಾಯಿಯೊಬ್ಬಳು ಮಗಳ ಹೆಸರಿಗೆ ಒಂದು ಚುಕ್ಕೆ ಇಟ್ಟಿದ್ದರೆ ಆ ಚುಕ್ಕೆ ಇರಲಿ. ಓದುಗರಿಗೆ ತೊಡಕಾದರೆ ಆಗಲಿ, ಒಂದು ಹೆಸರಿಗಾಗಿ ಅರೆಗಳಿಗೆ ನಾಲಿಗೆ ತಡವರಿಸಿದರೆ ಯಾರ ಗಂಟೇನು ಹೋಗುತ್ತದೆ? ತಮ್ಮ ವಾಕ್ಯವನ್ನು ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಬರೆಸಿದ್ದೆ. ಒಂದು ವಾರ ಅಳಿಸಲೂ ಬಿಡಲಿಲ್ಲ.

ಅದೇ ವಾರ ನನ್ನ ಹಳೇ ವಿದ್ಯಾರ್ಥಿನಿ ಪಕ್ಕೀರಮ್ಮ ತಮ್ಮ ಓಟದ ನೋಂದಣಿ ಮೇಜಿನ ಮುಂದೆ ನಿಂತಿದ್ದಳು.

ಅವಳು ಓಟಗಾರ್ತಿಯಾದದ್ದು ಯಾವ ಯೋಜನೆಯಿಂದಲೂ ಅಲ್ಲ. ನಮ್ಮ ಹಡಗಲಿ ಕಡೆಯ ಮಲ್ಲಿಗೆ ತಮಗೆ ಗೊತ್ತಿರಬೇಕು, ತಮ್ಮ ಉದ್ಘಾಟನೆಯ ಹಾರಗಳಲ್ಲೂ ಇದ್ದೀತು. ಅದನ್ನು ಮೊಗ್ಗಿರುವಾಗಲೇ ಬಿಡಿಸಬೇಕು. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹರಪನಹಳ್ಳಿ ಕಡೆಯ ಮೊದಲ ಬಸ್ಸಿಗೆ ಹಾಕಬೇಕು. ಬಸ್ಸು ತಪ್ಪಿದರೆ ಮೊಗ್ಗು ಗಂಟಿನಲ್ಲೇ ಅರಳುತ್ತದೆ, ಅರಳಿದ ಹೂವನ್ನು ಪೇಟೆಯಲ್ಲಿ ಮೂಸುವವರಿಲ್ಲ. ಅವಳ ಅಪ್ಪ ನಾಗಪ್ಪ, ಅವ್ವ ಅಂಜಿನಕ್ಕ ಕೊನೆಯ ಸಾಲು ಬಿಡಿಸುವವರೆಗೆ ಕಾದು, ಗಂಟು ಬಗಲಲ್ಲಿಟ್ಟುಕೊಂಡು ಹೊಲದಿಂದ ಡಾಂಬರು ರಸ್ತೆಗೆ ಓಡುವುದು ಈ ಹುಡುಗಿಯ ಕೆಲಸವಾಗಿತ್ತು. ಬಸ್ಸಿನ ಕಂಡಕ್ಟರ್ ಜೋಗಪ್ಪ ಒಮ್ಮೆ ನನಗೆ ಹೇಳಿದ್ದ, "ಮೇಡಂ, ನಾವು ಆಕಿಗೆ ಬಸ್ ನಿಲ್ಸಂಗಿಲ್ರಿ. ನಿಲ್ಸಾದ್ರಾಗ ಆಕಿ ಬಾಗಲದಾಗ ಇರ್ತಾಳ." ಆ ಕಾಲುಗಳೇ ಅವಳನ್ನು ತಾಲ್ಲೂಕು, ಜಿಲ್ಲೆ, ಕ್ರೀಡಾ ಹಾಸ್ಟೆಲ್ಲು ದಾಟಿಸಿ ತಮ್ಮ ಮೇಜಿನವರೆಗೆ ತಂದದ್ದು.

ಇನ್ನು ಅವಳ ಹೆಸರಿನ ವಿಷಯ. ಅಂಜಿನಕ್ಕನಿಗೆ ಇವಳಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿ ಸತ್ತವು. ನಮ್ಮ ಸೀಮೆಯಲ್ಲಿ ಹಾಗಾದಾಗ ಮುಂದಿನ ಕೂಸನ್ನು ಊರ ಹೊರಗಿನ ದರ್ಗಾಕ್ಕೆ ಒಯ್ದು ಅಲ್ಲಿನ ಫಕೀರ ಅಜ್ಜನ ಉಡಿಗೆ ಹಾಕುತ್ತಾರೆ. ಕೂಸು ಈಗ ನಮ್ಮದಲ್ಲ, ಪಕ್ಕೀರನದು. ಅಜ್ಜನಿಗೆ ಮೊರದ ತುಂಬ ಜೋಳ ಕೊಟ್ಟು ಅದನ್ನು ಮರಳಿ ಬೇಡಿ ತರುತ್ತಾರೆ, ಪಕ್ಕೀರಪ್ಪನೆಂದೋ ಪಕ್ಕೀರಮ್ಮನೆಂದೋ ಕರೆಯುತ್ತಾರೆ. ಹೆಸರು ಇರುವವರೆಗೆ ಸಾವು ಆ ಕೂಸನ್ನು ತನ್ನದೆಂದು ಕೇಳುವುದಿಲ್ಲ ಎಂಬುದು ನಂಬಿಕೆ. ಆ ಮನೆಯಲ್ಲಿ ಅವಳನ್ನು ಪಕ್ಕಿ ಎಂದು ಮುದ್ದಿಗೆ ಕರೆದವರೂ ಇಲ್ಲ. ಮದುವೆಯ ದಿನ ದರ್ಗಾಕ್ಕೆ ಹೋಗಿ ಒಪ್ಪಿಸಿ ಬರುವವರೆಗೂ ಪೂರ್ತಿ ಹೆಸರೇ ಆಗಬೇಕು. ಮಾನ್ಯರೇ, ತಮ್ಮ ಸಂಚಿಕೆಯ ಚುಕ್ಕೆ ಕೊಕ್ಕೆಗಳ ಹಿಂದೆ ಇಷ್ಟು ಕತೆ ಇದೆಯೋ ಇಲ್ಲವೋ ನಾನು ಕಾಣೆ.

ನೋಂದಣಿ ಮೇಜಿನಲ್ಲಿದ್ದ ತಮ್ಮ ಪ್ರಚಾರ ಸಲಹೆಗಾರರು ಹೆಸರು ಕೇಳಿ ನಕ್ಕರಂತೆ. ವಿದೇಶಿ ಅತಿಥಿಗಳ ಬಾಯಿಗೆ ಇದು ಬರುವುದಿಲ್ಲ, ಟೀವಿ ಪರದೆಯ ಮೇಲೂ ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳಿ 'ಪಲ್ಲವಿ' ಎಂದು ಬರೆದು ಅವಳಿಂದ ಸಹಿ ಮಾಡಿಸಿಕೊಂಡರು. ವಿದೇಶಿ ಹೆಸರು ನಮ್ಮ ಬಾಯಿಗೆ ಬರಲೆಂದು ತಮ್ಮ ಘೋಷಕರಿಗೆ ವಾರವಿಡೀ ತಾಲೀಮು, ನಮ್ಮ ಹೆಸರು ಅವರ ಬಾಯಿಗೆ ಬರದಿದ್ದರೆ ನಮ್ಮ ಹೆಸರಿಗೇ ಕತ್ತರಿ. ಯಾವ ತಕ್ಕಡಿ ಸ್ವಾಮಿ ಇದು? ಬೆನ್ನಿಗೆ ನಂಬರು ಕೊಡುತ್ತಾರಲ್ಲ, ಇದೂ ಓಟ ಮುಗಿಯುವವರೆಗಿನ ನಂಬರಿನಂಥದ್ದೇ ಎಂದುಕೊಂಡಳು ಹುಡುಗಿ. ಓಡಿದಳು. ಭಾರತೀಯರ ಪೈಕಿ ಎರಡನೆಯವಳಾಗಿ ಬಂದಳು.

ಮರುದಿನ ಬೆಳಿಗ್ಗೆ ಇಟ್ಟಿಗಿಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ನಾಗಪ್ಪ ರೇಡಿಯೋದ ಮುಂದೆ ಕೂತಿದ್ದ. ಎರಡನೆಯವಳಾಗಿ ಬಂದೆನೆಂದು ಮಗಳು ಫೋನು ಮಾಡಿದ್ದಳು, ವಾರ್ತೆಯಲ್ಲಿ ಅವಳ ಹೆಸರು ಬರುತ್ತದೆಂದು ಊರಿಗೆಲ್ಲ ಹೇಳಿ ಜನ ಸೇರಿಸಿದ್ದ. ನಾನೂ ಶಾಲೆಗೆ ಹೋಗುವ ದಾರಿಯಲ್ಲಿ ನಿಂತೆ. ತಾವು ಕೊಟ್ಟದ್ದನ್ನು ರೇಡಿಯೋದವರು ಓದಿದರು. ವಿದೇಶಿಯರ ಹೆಸರುಗಳು ಒಂದೊಂದಾಗಿ, ಬಿಡಿಸಿ ಬಿಡಿಸಿ, ಸೊಗಸಾಗಿ ಬಂದವು. ಕೊನೆಗೆ, ಭಾರತೀಯರಲ್ಲಿ ಎರಡನೆಯವಳು 'ಬಳ್ಳಾರಿ ಜಿಲ್ಲೆಯ ಪಲ್ಲವಿ' ಎಂದು ಹೇಳಿ ಹವಾಮಾನಕ್ಕೆ ಹೋದರು. ನಾಗಪ್ಪ ನಿಧಾನವಾಗಿ, "ಬ್ಯಾರೆ ಯಾರೋ ಓಡ್ಯಾಳ. ಹಂಗಾರ ನಮ್ಮಾಕಿ ಎಲ್ಲಿ ಹೋಗ್ಯಾಳ?" ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹದಿನೇಳರ ಮಗಳು ಓಟದ ನೆಪ ಹೇಳಿ ಊರು ಬಿಟ್ಟಿದ್ದಾಳೆ, ಓಡಿದವರಲ್ಲಿ ಅವಳಿಲ್ಲ ಎಂದರೆ ನಮ್ಮಲ್ಲಿ ಜನ ಏನೆಂದುಕೊಳ್ಳುತ್ತಾರೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕೆ? ನಾಗಪ್ಪ ಅಂದೇ ಬಸ್ಸು ಹತ್ತಿ ಹಾಸ್ಟೆಲಿಗೆ ಹೋಗಿ ಅವಳನ್ನು ಕರೆತಂದ.

ಅವಳು ನಿಜ ಹೇಳಿದಳು. ಆ ಪಲ್ಲವಿ ನಾನೇ ಎಂದಳು. ಅಪ್ಪನ ಸಂಶಯ ಅಲ್ಲಿಗೆ ತೀರಿತು, ಆದರೆ ಹೆಸರು ಹೋಯಿತಲ್ಲ, ಇನ್ನು ಸಾವು ಕೇಳಿಕೊಂಡು ಬರುತ್ತದೆ ಎಂಬ ಹೆದರಿಕೆ ಅವ್ವನಿಗೆ ಹಿಡಿಯಿತು. ಮಗಳು ತಪ್ಪು ದಾರಿ ಹಿಡಿದಿದ್ದರೂ ಆಕೆ ಅಷ್ಟು ಹೆದರುತ್ತಿರಲಿಲ್ಲವೇನೋ. ಅಂದಿನಿಂದ ಅಂಜಿನಕ್ಕ ಮಗಳನ್ನು ಕಣ್ಣಳತೆ ದಾಟಲು ಬಿಟ್ಟಿಲ್ಲ. ಅವಳು ಮನೆಯಲ್ಲಿದ್ದರೂ ಹೂವಿನ ಗಂಟು ಚಿಕ್ಕಪ್ಪನ ಮೊಪೆಡ್ಡಿನ ಮೇಲೆ ಬಸ್ಸಿಗೆ ಹೋಗುತ್ತದೆ. ಹುಡುಗಿ ಸಾಲಿನಲ್ಲಿ ಮೊಗ್ಗು ಬಿಡಿಸುತ್ತಿರುತ್ತಾಳೆ, ಆ ತುದಿಯಿಂದ ಅವ್ವ ಗಳಿಗೆಗೊಮ್ಮೆ "ಪಕ್ಕೀರಮ್ಮಾ" ಎನ್ನುತ್ತಾಳೆ. "ಅದೀನವ್ವ" ಎಂದು ಇವಳು ಓಗೊಡಬೇಕು, ಇದ್ದೇನೆಂದು ತೋರಿಸಬೇಕು. ತಡವಾದರೆ ಆಕೆ ಬುಟ್ಟಿ ಚೆಲ್ಲಿ ಎದ್ದು ಬರುತ್ತಾಳೆ. ನಾನು ಹೋಗಿ ಬುದ್ಧಿ ಹೇಳಿದೆ, ಹೆಸರಿನಿಂದ ಯಾರೂ ಸಾಯುವುದಿಲ್ಲ ಎಂದೆ. ಅಂಜಿನಕ್ಕ ನನ್ನ ಮುಖ ನೋಡಿ, "ನೀವು ಓದಿದಾರು. ನಿಮ್ಮವು ಎರಡು ಸತ್ತಿಲ್ಲ" ಎಂದಳು.

ದರ್ಗಾದ ಅಜ್ಜನ ಹತ್ತಿರವೂ ಹೋದೆವು. ಅಜ್ಜ ಸರಳ ಮನುಷ್ಯ, ಬೈಯಲಿಲ್ಲ, ದುಡ್ಡೂ ಕೇಳಲಿಲ್ಲ. "ಹೆಸರು ಯಾರು ತಗದಾರೋ ಅವರ ಬಾಯಿಲೇ ಬರಬೇಕವ್ವ. ನಾಕು ಮಂದ್ಯಾಗ ಒಮ್ಮಿ ಪಕ್ಕೀರಮ್ಮ ಅಂತ ಕರದುಬಿಡ್ಲಿ. ಅಷ್ಟಾತಂದ್ರ ಕೂಸು ಮತ್ತ ನಮ್ಮದು" ಎಂದ. ನಾಗಪ್ಪ ಒಪ್ಪಿದ, ಅಂಜಿನಕ್ಕ ಒಪ್ಪಿದಳು. ಒಂದು ಸಲ ಕರೆದರೆ ಮಗಳನ್ನು ಓಟಕ್ಕೆ ಕಳಿಸುತ್ತೇವೆ ಎಂದು ಇಬ್ಬರೂ ನನ್ನ ಎದುರಿಗೇ ಹೇಳಿದರು. ಇಷ್ಟು ಅಗ್ಗದ ಪರಿಹಾರ ಈ ರಾಜ್ಯದಲ್ಲಿ ಯಾವ ಸಮಸ್ಯೆಗೂ ಸಿಕ್ಕಿರಲಾರದು. ಬರೆದ ಪತ್ರಕ್ಕೆ ಉತ್ತರ ಬಾರದಿದ್ದರೂ ಖುಷಿಯಿಂದಲೇ ರಾತ್ರಿ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ.

ತಾವಿರಲಿಲ್ಲ. ತಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಮುದ್ರಕರೊಂದಿಗೆ ಜಗಳದಲ್ಲಿದ್ದರು. ಯಾವುದೋ ಓಟಗಾರ್ತಿಯ ಹೆಸರಿನಲ್ಲಿ ಕೊಕ್ಕೆ ಬಿಟ್ಟುಹೋಗಿತ್ತಂತೆ, ಇಡೀ ಪುಟ ಮತ್ತೆ ಮುದ್ರಿಸಿ ಎನ್ನುತ್ತಿದ್ದರು. ಫೋನು ಇಟ್ಟು, ನಾನು ಇಂಗ್ಲಿಷ್ ಟೀಚರ್ ಎಂದು ತಿಳಿದು, ಬಹಳ ಸೌಜನ್ಯದಿಂದ ವಿವರಿಸಿದರು: "ನೋಡಿ ಮೇಡಂ, ಒಂದು ಗುರುತು ಹೋದರೂ ಅದು ಅವರ ಹೆಸರೇ ಅಲ್ಲ. ಅವರಿಗೆ ಎಷ್ಟು ನೋವಾಗುತ್ತೆ ಹೇಳಿ." ನಾನು, "ಇಡೀ ಹೆಸರೇ ಹೋದರೆ?" ಎಂದು ಕೇಳಿ ಪಕ್ಕೀರಮ್ಮನ ವಿಷಯ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು. "ಅದು ಬೇರೆ ವಿಷಯ. ಆ ಹುಡುಗಿ ಒಪ್ಪಿ ಸಹಿ ಹಾಕಿದ್ದಾಳಲ್ಲ. ಇಂಥ ಮೂಢನಂಬಿಕೆಗೆಲ್ಲ ಸಮಿತಿ ಪ್ರಕಟಣೆ ಕೊಡೋಕಾಗುತ್ತಾ?" ಎಂದರು. ಚಹಾ ಬಂತು. ಚಹಾ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮೂಢನಂಬಿಕೆ ಎಂದರಲ್ಲ, ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗುತ್ತೇನೆ. ನಮ್ಮದು ಬುದ್ಧನನ್ನು ಒಪ್ಪಿಕೊಂಡ ಮನೆ. ನನ್ನಪ್ಪ ಹುಲುಗಪ್ಪ ತನ್ನ ಹೆಸರು ಹೇಗಿದ್ದರೂ ಮಕ್ಕಳಿಗೆ ಕ್ರಾಂತಿಕುಮಾರ್, ಸಮತಾ ಎಂದು ಬೇಕೆಂದೇ ಇಟ್ಟವನು. ಶಾಲೆಗೆ ಸೇರಿಸುವಾಗ, ನಿಮ್ಮ ಕೇರಿಯವರಿಗೆ ಇಂಥ ಹೆಸರು ಯಾಕೆ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಕ್ಕೆ, ಬರೆಯುವವರೆಗೆ ಅವರ ಬಾಗಿಲು ಬಿಟ್ಟು ಕದಲದವನು. ಹಳೇ ಹೆಸರು ಬದಲಿಸಿದರೆ ಆಕಾಶ ಬೀಳುತ್ತದೆ ಎಂದು ನಂಬುವವಳು ನಾನಲ್ಲ. ಈ ಹುಡುಗಿಯ ವಿಷಯ ಅಪ್ಪನಿಗೆ ಹೇಳಿದಾಗ ಆತ, "ನಾವು ಬದಲಿ ಮಾಡಿಕೊಂಡ್ವಿ. ಆಕೀದು ಅವರು ಬದಲಿ ಮಾಡಿದ್ರು. ಎರಡೂ ಒಂದ ಅಂದವಗ ತಲಿ ಇಲ್ಲ" ಎಂದ. ನನಗೂ ಇದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಪಕ್ಕೀರಮ್ಮ ನಾಳೆ ತಾನೇ ಬಯಸಿ ಪಲ್ಲವಿ ಆದರೆ ಪೇಢೆ ನಾನು ಹಂಚುತ್ತೇನೆ. ತಮ್ಮ ಟೀವಿ ಪರದೆಗೆ ಅಂದವಾಗಲೆಂದು ಆಗುವುದು ಬೇಡ. ಇನ್ನು ಆ ವಿದೇಶಿ ಓಟಗಾರ್ತಿಯ ಚುಕ್ಕೆಗೆ ವೈಜ್ಞಾನಿಕ ಆಧಾರ ಕೇಳಿದಿರಾ? ಅವಳ ಅವ್ವ ಇಟ್ಟಿದ್ದಾಳೆ ಎಂಬುದೇ ಸಾಕಾಯಿತಲ್ಲವೆ? ಇಟ್ಟಿಗಿಯ ಅವ್ವ ಇಟ್ಟದ್ದಕ್ಕೆ ಮಾತ್ರ ಪ್ರಮಾಣ ಯಾಕೆ ಬೇಕು?

ಕಳೆದ ವಾರ ತಮ್ಮ ಕಚೇರಿಯಿಂದ ಇಟ್ಟಿಗಿಗೆ ರಿಜಿಸ್ಟರ್ಡ್ ಲಕೋಟೆ ಬಂದಿತ್ತು. ಆಯ್ದ ಓಟಗಾರರಿಗೆ ವಿದೇಶಿ ತರಬೇತುದಾರರ ಶಿಬಿರ, ಮುಂದಿನ ತಿಂಗಳ ಮೊದಲ ಸೋಮವಾರ ಹಾಜರಾಗಬೇಕು, ಬಾರದಿದ್ದರೆ ಸ್ಥಾನ ಮುಂದಿನವರಿಗೆ ಎಂದು ಪತ್ರಿಕೆಗಳಲ್ಲೂ ಬಂದಿದೆ. ಲಕೋಟೆಯ ಮೇಲೆ 'ಕುಮಾರಿ ಪಲ್ಲವಿ' ಎಂದಿತ್ತು. ಪೋಸ್ಟ್‌ಮನ್ ಓಣಿಯಲ್ಲಿ ಕೇಳುತ್ತ ಬಂದು ನಾಗಪ್ಪನ ಮನೆಯ ಮುಂದೆ ನಿಂತ. ಹುಡುಗಿ ಕಟ್ಟೆಯ ಮೇಲೆ ಅವ್ವನ ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ನಾಗಪ್ಪ ಹೆಂಡತಿಯ ಮುಖ ನೋಡಿದ. "ಹಂಗ ಅಂಬಾಕಿ ನಮ್ಮ ಮನ್ಯಾಗ ಯಾರೂ ಇಲ್ರಿ" ಎಂದ. ಲಕೋಟೆ ವಾಪಸು ಹೋಯಿತು. ಈಗ ತಮ್ಮ ಮೇಜಿನ ಮೇಲಿರಬಹುದು.

ಆದ್ದರಿಂದ ಕೇಳುತ್ತಿದ್ದೇನೆ. ಆ ಸೋಮವಾರದೊಳಗೆ ಒಂದು ದಿನ, ಅದೇ ರೇಡಿಯೋದಲ್ಲಿ, ಅದೇ ವಾರ್ತೆಯ ಹೊತ್ತಿಗೆ, ತಮ್ಮ ಸಮಿತಿಯ ಪ್ರಕಟಣೆಯಾಗಿ, ಎರಡನೆಯವಳಾಗಿ ಬಂದವಳು ಇಟ್ಟಿಗಿಯ ಪಕ್ಕೀರಮ್ಮ ಎಂದು ಹೇಳಿಸಿ. ಕ್ಷಮೆ ಬೇಡ, ಸನ್ಮಾನ ಬೇಡ, ಶಾಲು ಅಂತೂ ಬೇಡವೇ ಬೇಡ. ನಾಗಪ್ಪ ದಿನಾ ಬೆಳಿಗ್ಗೆ ಅದೇ ಹೋಟೆಲಿನ ಅದೇ ಬೆಂಚಿನ ಮೇಲೆ ಇರುತ್ತಾನೆ. ನಾನು ಕೂರಿಸಿದ್ದೇನೆ. ತಾವು ಹೇಳಿಸುವುದಿಲ್ಲ ಎಂದು ನನಗೆ ಹೆಚ್ಚುಕಡಿಮೆ ಗೊತ್ತು, ಅವನಿಗೆ ಇನ್ನೂ ಗೊತ್ತಿಲ್ಲ.

ಮೊನ್ನೆ ಹೊಲದ ಹತ್ತಿರ ಹುಡುಗಿ ಸಿಕ್ಕಳು. ಅಳುತ್ತಿರಲಿಲ್ಲ. ಮೊಗ್ಗು ಬಿಡಿಸುತ್ತಲೇ, ಯಾರದೋ ಸುದ್ದಿ ವಿಚಾರಿಸುವವಳಂತೆ, "ಮೇಡಂ, ಆ ಪಲ್ಲವಿ ಶಿಬಿರಕ್ಕ ಹೋಗ್ತಾಳೇನ್ರಿ?" ಎಂದು ಕೇಳಿದಳು. ಅಷ್ಟರಲ್ಲಿ ಆ ತುದಿಯಿಂದ ಅಂಜಿನಕ್ಕ ಕೂಗಿದಳು, ಅವಳು ನನ್ನ ಕಡೆಯಿಂದ ಮುಖ ತಿರುಗಿಸಿ "ಅದೀನವ್ವ" ಎಂದಳು.

ಇಂತಿ,
ತಮ್ಮ ಸುಂದರ ವಾಕ್ಯವನ್ನು ಬೋರ್ಡಿನಿಂದ ತಾನೇ ಅಳಿಸಿರುವ,
ಸಮತಾ,
ಇಂಗ್ಲಿಷ್ ಶಿಕ್ಷಕಿ, ಇಟ್ಟಿಗಿ