ಕೈ ಕೊಡುವ ಮರ್ಯಾದೆ

ಅಪ್ಪಾ,

ಇವತ್ತು ನಿನ್ನ ಮಾತು ಮೀರಿದೆ. ಚೆಸ್‌ನಲ್ಲಿ ಸೋಲು ಖಚಿತವಾದ ಕೂಡಲೇ ಸೋಲೊಪ್ಪಿ ಎದುರಾಳಿಗೆ ಕೈ ಕೊಟ್ಟು ಎದ್ದುಬಿಡುವುದೇ ಮರ್ಯಾದೆ ಎಂದು ಕಲಿಸಿದವನು ನೀನು. ಈ ಆಟದಿಂದಲೇ ಹೊಟ್ಟೆ ಹೊರೆಯುವ ನಾನು ಇಪ್ಪತ್ತು ವರ್ಷ ಹಾಗೇ ಕೈ ಕೊಟ್ಟಿದ್ದೇನೆ.

ಇವತ್ತಿನ ಪಂದ್ಯದಲ್ಲಿ ನನಗೆ ಉಳಿದಿದ್ದು ರಾಜನೊಬ್ಬನೇ. ಎದುರಿಗಿದ್ದ ಮಾಜಿ ಚಾಂಪಿಯನ್ನನ ಮಂತ್ರಿ ಇನ್ನೂ ಹಲಗೆಯ ಮೇಲಿತ್ತು.

"ಇನ್ನೂ ಆಡ್ತೀರಾ ಮೇಡಂ?" ಎಂದು ಆತ ಆಕಳಿಸಿದ.

"ನಡೆ ನಿಮ್ಮದು. ಆಡಿ," ಎಂದೆ.

ಪಕ್ಕದ ಮೇಜಿನವರು ಮುಸಿಮುಸಿ ನಕ್ಕರು. ನಾನು ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಆತ ರೇಗಿ, ಮಂತ್ರಿಯನ್ನು ಒಂದು ಮನೆ ಹೆಚ್ಚಿಗೆ ಸರಿಸಿದ. ನನ್ನ ರಾಜನಿಗೆ ಚೆಕ್ಕೂ ಇಲ್ಲ, ಕಾಲಿಡಲು ಮನೆಯೂ ಇಲ್ಲ. ಹಾಗಾದರೆ ನಿಯಮದ ಪ್ರಕಾರ ಆಟ ಡ್ರಾ. ಆತನ ಮುಖ ನೀನು ನೋಡಬೇಕಿತ್ತು!

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ನಿನಗೆ ಇನ್ನೊಂದು ಆಪರೇಷನ್ ಮಾಡಿ ನೋಡೋಣ ಎಂದಾಗ, ನೀನು "ಸಾಕು ಡಾಕ್ಟ್ರೇ, ಆಟ ಮುಗೀತು" ಎಂದು ನಗುತ್ತಾ ಅವರ ಕೈ ಕುಲುಕಿದೆಯಲ್ಲ, ಆಗ ನಾನೂ ಮರ್ಯಾದೆಯಿಂದ ಸುಮ್ಮನೆ ನಿಂತಿದ್ದೆ.

ನೀನು ಕುಲುಕಿದ್ದು ಅವರ ಕೈ, ಅಪ್ಪಾ. ಕೈ ಕೊಟ್ಟಿದ್ದು ನನಗೆ.