ಕುರ್ಚಿ ಬಿಟ್ಟು ಏಳಬ್ಯಾಡ

ನರೋಣಾ
೧೪-೨-೧೯೮೯

ಚಿರಂಜೀವಿ ಶರಣಬಸಮ್ಮಳಿಗೆ ನಿನ್ನಪ್ಪನ ಆಶೀರ್ವಾದ.

ನಾನು, ನಿನ್ನವ್ವ ಇಬ್ಬರೂ ಕ್ಷೇಮ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಎಂಟು ದಿನದಿಂದ ಬರೆಯಲು ಕೂರುತ್ತೇನೆ, ನಿನ್ನ ಬೇನೆಗೆ ನಾನೇ ಕಾರಣ ಅನ್ನಿಸಿ ಎದ್ದುಬಿಡುತ್ತೇನೆ.

ದಿನವಿಡೀ ಕೂತು ಕಾಲು ಬಾತಿವೆ, ಸಕ್ಕರೆ ಕಾಯಿಲೆಯೂ ಶುರುವಾಗಿದೆ, ಗಂಟೆಗೊಮ್ಮೆ ಎದ್ದು ಅಡ್ಡಾಡಬೇಕು ಅಂತ ಗುಲಬರ್ಗಾದ ಡಾಕ್ಟರು ಹೇಳಿದರೆಂದು ನೀನು ಬರೆದಿದ್ದೆ. ನಿನ್ನವ್ವನಿಗೆ ಓದಿ ಹೇಳಿದೆ. "ನಾ ನಲವತ್ತು ವರ್ಸ ಬಗ್ಗಿ ಕಳೆ ತೆಗದೇನಿ, ನನಗೇನೂ ಆಗಿಲ್ಲ. ಆಕಿ ಕುಂತಲ್ಲೇ ಬ್ಯಾನಿ ತಂದ್ಕೊಂಡಾಳ. ಎಲ್ಲಾ ನಿಮ್ಮ ಉಪದೇಶ ನೋಡ್ರಿ" ಎಂದಳು. ಸುಳ್ಳಲ್ಲ.

ಆಳಂದದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜವಾನನಾಗಿ ಸಾಹೇಬರ ಬಾಗಿಲಲ್ಲಿ ನಿಂತವನು ನಾನು. ಪಕ್ಕದಲ್ಲೇ ಸ್ಟೂಲ್ ಇತ್ತು. ಕೂತರೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು, ಏಳಬೇಕಾಗುತ್ತಿತ್ತು. ಅದಕ್ಕೇ ನಿನಗೆ ಜೇವರ್ಗಿಯಲ್ಲಿ ಕ್ಲಾರ್ಕ್ ನೌಕರಿ ಸಿಕ್ಕ ದಿನ ಹೇಳಿದೆ: "ಕುರ್ಚಿ ಬಿಟ್ಟು ಏಳಬ್ಯಾಡ ಬೇ. ಯಾರ ಬಂದ್ರೂ ಏಳಬ್ಯಾಡ." ಹೋದ ವರ್ಷ ನಿಮ್ಮ ಕಚೇರಿಯ ಜವಾನ ರಸೂಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಅಕ್ಕಾರು ನೀರಿಗೂ ಏಳಂಗಿಲ್ರಿ, ಊಟಾನೂ ಅಲ್ಲೇ" ಎಂದಾಗ ನನ್ನ ಎದೆ ಉಬ್ಬಿತ್ತು.

ಆ ಹುಚ್ಚು ಇನ್ನೂ ಇಳಿದಿಲ್ಲ. ಮೊನ್ನೆ ಚಂದ್ರಾಮಪ್ಪ ಸಾವಕಾರರು ಕಟ್ಟೆಯ ಮೇಲೆ ಕೂತು, "ಮಗಳಿಗಿ ಏನಾಗ್ಯದೋ?" ಎಂದು ಕೇಳಿದರು. "ಕುಂತು ಕುಂತು ಕಾಲ ಬಾತಾವ್ರಿ" ಎಂದು ಹೆಮ್ಮೆಯಿಂದಲೇ ಹೇಳಿದೆ. ನಮ್ಮ ಓಣಿಯಲ್ಲಿ ಇದುವರೆಗೆ ಯಾರಿಗೂ ಕೂತು ಬೇನೆ ಬಂದಿರಲಿಲ್ಲ.

ಆದರೆ ನನ್ನ ಹೆಮ್ಮೆ ನಿನ್ನ ಕಾಲಿಗಿಂತ ದೊಡ್ಡದಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇನ್ನು ಏಳು ತಾಯಿ. ನೀರು ನೀನೇ ತುಂಬಿಕೊ, ಫೈಲು ನೀನೇ ಒಯ್ಯಿ, ಸಂಜೆ ಮನೆಗೆ ನಡೆದೇ ಹೋಗು. ಎದ್ದರೆ ಕುರ್ಚಿಯನ್ನು ಯಾರೂ ಕಸಿಯುವುದಿಲ್ಲ, ಅದು ನೀನು ಓದಿ ಗಳಿಸಿದ್ದು. ನೂರು ವರ್ಷ ಗಟ್ಟಿ ಕಾಲಿನ ಮೇಲೆ ಬಾಳು.

ಇಂತಿ ನಿನ್ನ ಅಪ್ಪ,
ಅಂಬಾರಾಯ

ತಾ.ಕ.: ಎಳ್ಳಮಾಸಿ ಹಬ್ಬ ಮುಗಿಸಿ ಸಜ್ಜಿ ರೊಟ್ಟಿ ಕೊಡಲು ನಿನ್ನ ಕಚೇರಿಗೆ ಬಂದಿದ್ದೆನಲ್ಲ. ನೀನು ನನ್ನ ನೋಡಿ ನಕ್ಕೆ, ಕುರ್ಚಿಯಿಂದ ಏಳಲಿಲ್ಲ. ನಾನು ಹೇಳಿದ್ದನ್ನೇ ಪಾಲಿಸಿದೆ, ತಪ್ಪು ನಿನ್ನದಲ್ಲ. ನಾನೂ ರೂಢಿಯಂತೆ ಬಾಗಿಲಲ್ಲೇ ನಿಂತು, ಗಂಟನ್ನು ರಸೂಲನ ಕೈಗೆ ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ, ನಿನ್ನವ್ವನಿಗೆ ಹೇಳಿಲ್ಲ. ಬರುವ ಸೋಮವಾರ ಮತ್ತೆ ಬರುತ್ತೇನೆ. ಡಾಕ್ಟರು ಹೇಳಿದ್ದಾರೆ ಅಂತಲಾದರೂ, ಒಮ್ಮೆ ಎದ್ದು ಬಾಗಿಲವರೆಗೆ ನಡೆದು ಬಾ.